ಕಿವಿಗಿಡದ ಎರಡು ಮೊಗ್ಗು

ಆ ಬೆಳಿಗ್ಗೆ ಜಿನುಗು ಮಳೆ ಹಿಡಿದಿತ್ತು. ಕಾರ್ತಿಕದಲ್ಲಿ ನಮ್ಮೂರಿಗೆ ಮಳೆ ಬರುವ ಪದ್ಧತಿಯಿಲ್ಲ. ಬಂದರೂ ಗುಡ್ಡದಯ್ಯನ ಗುಡಿಯ ಆಚೆ ಸುರಿದು ಹೋಗುತ್ತದೆ. ಅಂದು ಮಾತ್ರ ಮುಗಿಲು ಮಾಳಿಗೆಗಳ ಮೇಲೇ ಬಂದು ಕೂತಿತ್ತು. ಹನಿ ಬೀಳುವುದು ಕಣ್ಣಿಗೆ ಕಾಣದು, ಕೈ ಚಾಚಿದರೆ ಅಂಗೈ ಒದ್ದೆ. ಓಣಿಯ ಉದ್ದಕ್ಕೂ ಜನ ಕಟ್ಟೆಯ ಮೇಲಿನ ಕುಂಡಗಳನ್ನು ಎದೆಗವುಚಿಕೊಂಡು ಒಳಗೆ ಒಯ್ಯುತ್ತಿದ್ದರು. ಕಿವಿಗಿಡಕ್ಕೆ ಬುಡದಲ್ಲಿ ನೀರು ನಿಂತರೆ ಆಗದು. ನಾನೂ ನನ್ನ ಕುಂಡವನ್ನು ಪಡಸಾಲೆಗೆ ತಂದಿಟ್ಟು, ಹಳೆಯ ಸೀರೆ ತುಂಡುಗಳ ಕೌದಿ ಹಾಸಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದೆ. ಆಗ ಚುರಮುರಿ ಭಟ್ಟಿಯವರ ಮನೆಯ ಹುಡುಗಿ ಇಂದ್ರವ್ವ ಸೆರಗಿನೊಳಗೆ ಏನನ್ನೋ ಮುಚ್ಚಿಕೊಂಡು ಓಡುತ್ತ ಬಂದಳು.

ಕಿವಿಗಿಡ ಗೇಣುದ್ದಕ್ಕಿಂತ ಹೆಚ್ಚು ಬೆಳೆಯುವುದಿಲ್ಲ. ಎಲೆ ದಪ್ಪ, ಒಳಗೆಲ್ಲ ನೀರು, ಮುಟ್ಟಿದರೆ ಎಳೆಗೂಸಿನ ಕಿವಿಯ ಹಾಲೆಯಷ್ಟು ಮೆತ್ತಗೆ. ಚಳಿ ಬಲಿತ ಮೇಲೆ ತುದಿಗೆ ಕಿತ್ತಳೆ ಬಣ್ಣದ ಸಣ್ಣ ಹೂಗಳು ಬರುತ್ತವೆ. ಒಂದೊಂದು ಹೂವೂ ಅರಳುವ ಬೆಳಿಗ್ಗೆ ಒಂದೇ ಒಂದು ಮಾತು ಆಡುತ್ತದೆ. ಎಂದೋ ಯಾರೋ ಅದರ ಹತ್ತಿರ ಆಡಿದ ಮಾತು, ಆಡಿದವರದೇ ದನಿಯಲ್ಲಿ. ಆಡಿ ಮುಗಿಸಿದ ಮೇಲೆ ಬಾಡುತ್ತದೆ, ಆ ಮಾತು ಮತ್ತೆ ಬರುವುದಿಲ್ಲ. ದನಿ ಎಷ್ಟು ಸಣ್ಣದೆಂದರೆ ಹೂವಿಗೆ ಕಿವಿ ಹಚ್ಚಿದ ಒಬ್ಬರಿಗಷ್ಟೇ ಕೇಳಿಸುತ್ತದೆ. ಹಚ್ಚುವ ಹಕ್ಕು ಮನೆಯ ಹಿರಿಯರದು. ಕೇಳಿದವರು ಆ ಮಾತನ್ನು ಅದು ಯಾರಿಗೆ ಆಡಿದ್ದೋ ಅವರಿಗೆ ಹೊತ್ತು ಮುಳುಗುವುದರೊಳಗೆ ಮುಟ್ಟಿಸಬೇಕು. ಅವರು ಇಲ್ಲದಿದ್ದರೆ ಅವರ ಒಡಹುಟ್ಟಿದವರಿಗೆ, ಒಡಹುಟ್ಟಿದವರೂ ಇಲ್ಲದಿದ್ದರೆ ಮಕ್ಕಳಿಗೆ, ಸೊಸೆಯರಿಗೆ. ಇನ್ನೊಬ್ಬರ ಮಾತು ಹೊಟ್ಟೆಯಲ್ಲಿಟ್ಟುಕೊಂಡು ಉಂಡ ಅನ್ನ ನಮ್ಮೂರಲ್ಲಿ ಯಾರಿಗೂ ಸೇರಿದ್ದಿಲ್ಲ.

ಹಾಗಂತ ಗಿಡ ಹಿಡಿದಿಟ್ಟುಕೊಳ್ಳುವುದೆಲ್ಲ ದೊಡ್ಡ ಮಾತೇ ಇರಬೇಕೆಂದಿಲ್ಲ. ಮಾಘ ಬಂತೆಂದರೆ ಊರಿನ ಬೀದಿಗಳಲ್ಲಿ ಜನ ಬಾಯಲ್ಲಿ ಮಾತು ಹಿಡಿದುಕೊಂಡು ಅವಸರದಿಂದ ಓಡಾಡುತ್ತಿರುತ್ತಾರೆ. ಹಿಂದಿನ ವರ್ಷ ಮೇಲಿನ ಕೇರಿಯ ಗುರುಸಿದ್ದಪ್ಪ ಏದುಸಿರು ಬಿಡುತ್ತ ನನ್ನ ಬಾಗಿಲಿಗೆ ಬಂದಿದ್ದ. "ಅಡಿವೆವ್ವಾ, ನಮ್ಮ ಆಯಿ ನಿಮ್ಮತ್ತಿಗೆ ಅಂದಿದ್ದು. 'ಒಯ್ದ ಜರಡಿ ತಿರುಗಿ ಕೊಡೂದು ನಿಮ್ಮ ಮನಿತನದಾಗ ಇಲ್ಲೇನ?' ಇಬ್ಬರೂ ಹೋಗ್ಯಾರ. ಈಗ ನೀನ ಇಟ್ಕೋ," ಎಂದು ಹೇಳಿ, ಒಂದು ತಂಬಿಗೆ ನೀರು ಕುಡಿದು ಹೋದ. ನನ್ನ ಗಂಡ ತೀರಿಕೊಂಡು ಎಷ್ಟೋ ಕಾಲವಾಯಿತು. ನಮ್ಮ ಗಿಡದಲ್ಲಿ ಅವರು ಇವತ್ತಿಗೂ "ನನ್ನ ಚಾಳೀಸ ಎಲ್ಲಿಟ್ಟಿ?" ಎಂದೇ ಕೇಳುತ್ತಾರೆ. ಬದುಕಿದ್ದಾಗ ದಿನಕ್ಕೆಷ್ಟು ಸಲ ಆ ಕನ್ನಡಕ ಕೇಳಿದ್ದರೋ ಅಷ್ಟು ಹೂವು ಬಿಡುವ ತನಕ ಕೇಳುವರೇನೋ. ನಾನು ಕಿವಿ ಹಚ್ಚಿ, ನಕ್ಕು, ಗುಡ್ಡದಯ್ಯನ ಕಡೆ ತಿರುಗಿ ಕೈ ಮುಗಿಯುತ್ತೇನೆ. ಕೊಟ್ಟವನು ಇಷ್ಟನ್ನಾದರೂ ಉಳಿಸಿದ್ದಾನಲ್ಲ.

ಇಂದ್ರವ್ವ ಸೆರಗು ತೆಗೆದಳು. ಒಳಗೆ ಅವಳ ತಾಯಿ ಹೊಳೆವ್ವನ ಕುಂಡವಿತ್ತು. ಗಿಡ ಒಂದು ಕಡೆಗೆ ವಾಲಿತ್ತು. ಬುಡ ಕಪ್ಪಾಗಿ ಮೆತ್ತಗಾಗಿತ್ತು, ಕೆಳಗಿನ ಎಲೆಗಳು ಗಾಜಿನ ಹಾಗೆ ತೆಳ್ಳಗಾಗಿ ಬೆರಳು ತಾಗಿದರೆ ಉದುರುತ್ತಿದ್ದವು. ಮಣ್ಣಿನಿಂದ ಕೊಳೆತ ವಾಸನೆ ಬರುತ್ತಿತ್ತು.

"ದೊಡ್ಡವ್ವಾ, ಯಾಕ ಹಿಂಗಾತು ನೋಡ. ಮಾವ ನೆಲ್ಲು ತರಾಕ ಹೋಗ್ಯಾನ, ನಾಳಿಗೆ ಬರತಾನ. ಅಷ್ಟರಾಗ ಏನರೆ ಮಾಡು."

"ನೀರು ಯಾರು ಹಾಕತೀರಿ ಇದಕ್ಕ?"

"ಮಾವ. ದಿನಾ ನಸಿಕಿನ್ಯಾಗ ಎದ್ದು ಮೊದಲು ಇದಕ್ಕ ಹಾಕಿ, ಆಮ್ಯಾಲ ಭಟ್ಟಿ ಹಚ್ಚತಾನ."

"ದಿನಾ? ಇದೇನು ಎಮ್ಮಿ ಅಂತ ತಿಳಕೊಂಡಾನೇನು?"

"ನಾನೂ ಹಾಕೀನಿ."

"ನೀ ಯಾವಾಗ?"

"ಸಂಜೀಕ. ಅಂವ ಭಟ್ಟಿ ಮುಂದ ಇದ್ದಾಗ. ಲಗೂನ ಹೂ ಬಿಡಲಿ ಅಂತ."

ನನಗೆ ನಗೆಯೂ ಬಂತು, ಮರುಕವೂ ಆಯಿತು. "ಅಂವ ಸಾಯಬಾರದು ಅಂತ, ನೀ ಹೂ ಬಿಡಲಿ ಅಂತ. ಮಾವ ಸೊಸಿ ಕೂಡಿ ಚಂದಾಗಿ ಮುಳುಗಿಸೀರಿ ನೋಡು."

ಹೊಳೆವ್ವ ನನ್ನ ಗೆಳತಿ. ಇದೇ ಪಡಸಾಲೆಯಲ್ಲಿ ಕೂತು ನಾವಿಬ್ಬರೂ ಒಂದೇ ಕೌದಿಯ ಎರಡು ಮೂಲೆಯಿಂದ ಹೊಲಿಯುತ್ತ ನಡುವಿಗೆ ಬರುತ್ತಿದ್ದೆವು. ಇಂದ್ರವ್ವ ಇನ್ನೂ ತೊಟ್ಟಿಲಲ್ಲಿದ್ದಾಗಲೇ ಜ್ವರ ಬಂದು ಹೋಗಿಬಿಟ್ಟಳು. ಅವಳ ಗಂಡ ಊರು ಬಿಟ್ಟವನು ತಿರುಗಿ ಬರಲಿಲ್ಲ. ಚುರಮುರಿ ಭಟ್ಟಿಯ ದುಂಡಪ್ಪ ಹೊಳೆವ್ವನ ತಮ್ಮ, ಇಂದ್ರವ್ವನ ಸೋದರಮಾವ. ಆತನಿಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಒಂದು ತೋಳಲ್ಲಿ ಕೂಸನ್ನೂ ಇನ್ನೊಂದು ತೋಳಲ್ಲಿ ಅಕ್ಕನ ಕುಂಡವನ್ನೂ ಎತ್ತಿಕೊಂಡು ತನ್ನ ಮನೆಗೆ ನಡೆದ. ಮದುವೆಯ ಮಾತು ಬಂದಾಗಲೆಲ್ಲ "ಕೂಸು ದೊಡ್ಡದಾಗಲಿ" ಎನ್ನುತ್ತ ಹಾಗೇ ಉಳಿದ. ಕುಂಡವನ್ನು ಒಳಕೋಣೆಯ ಗೂಡಿನಲ್ಲಿಟ್ಟು ಅದರ ಮುಂದೆ ಹಗಲಿರುಳು ಆರದ ದೀಪವೊಂದನ್ನು ಹಚ್ಚಿದ. ಆ ಕೋಣೆಯಲ್ಲಿ ಆತ ಮಾತಾಡುವುದಿಲ್ಲ. ಬೇರೆ ಮಾತು ಗಿಡಕ್ಕೆ ಸೇರಬಾರದು. ಆ ಗಿಡ ಅಂದಿನಿಂದ ಒಮ್ಮೆಯೂ ಹೂ ಬಿಟ್ಟಿಲ್ಲ.

ಇಂದ್ರವ್ವನ ಮದುವೆ ಫಾಲ್ಗುಣಕ್ಕೆ ಗೊತ್ತಾಗಿತ್ತು. ಹುಡುಗ ಹೊಳೆಯಾಚೆಯ ಊರಿನವನು, ಒಳ್ಳೆಯವನು. ಆದರೆ ಹೊಳೆ ದಾಟಿದರೆ ಕಿವಿಗಿಡ ಬರಿಯ ಗಿಡ. ಅಲ್ಲಿ ಅದು ಅರಳುತ್ತದೆ, ಬಾಡುತ್ತದೆ, ಅಷ್ಟೇ.

"ನಮ್ಮವ್ವನ ದನಿ ದಪ್ಪಿತ್ತೋ ಸಣ್ಣದಿತ್ತೋ, ಅದೂ ಗೊತ್ತಿಲ್ಲ ನನಗ," ಎಂದಳು ಹುಡುಗಿ, ಉದುರಿದ ಎಲೆಯೊಂದನ್ನು ಅಂಗೈಯಲ್ಲಿಟ್ಟುಕೊಂಡು. "ಈ ಚಳಿಗಾಲ ಹೂ ಬಿಡಲಿಲ್ಲಂದ್ರ ಮುಗೀತು. ಕೇಳದ ಹೋಗತೀನಿ."

"ಸಣ್ಣದ ಇತ್ತು. ನಡುವ ಸ್ವಲ್ಪ ಒಡಕು. ಬೆಲ್ಲದ ಅಚ್ಚು ಮುರದಂಗ."

"ನೀ ಹೇಳಿದ್ರ ಕೇಳಿಸೂದಿಲ್ಲಲ್ಲ ದೊಡ್ಡವ್ವಾ."

ಅದು ನಿಜವೇ. ನಾನು ಮಾತು ತಿರುಗಿಸಿ, "ಆ ದೀಪ ಇನ್ನೂ ಉರಿತೈತೇನ?" ಎಂದೆ.

"ಉರಿತೈತಿ. ಅವ್ವನ ಹೆಸರಿಂದು. ಮಾವ ಒಂದು ದಿನಾನೂ ಎಣ್ಣಿ ತಪ್ಪಿಸಿಲ್ಲ."

ನಾನು ಕುಂಡವನ್ನು ನನ್ನ ಕಡೆ ಎಳೆದುಕೊಂಡೆ. ದೀಪಾವಳಿ ದಾಟಿದ ಮೇಲೆ ನಮ್ಮೂರಲ್ಲಿ ಕತ್ತಲಾದರೆ ಯಾರೂ ಕಟ್ಟೆಯ ಮೇಲೆ ಬೆಳಕಿಡುವುದಿಲ್ಲ. ಕಿವಿಗಿಡಕ್ಕೆ ಇಡೀ ಇರುಳು ಕತ್ತಲೆ ಸಿಕ್ಕರೇ ಮೊಗ್ಗು. ಅಂಗೈಯಷ್ಟು ಬೆಳಕು ಬಿದ್ದರೂ ಅದು ಇನ್ನೂ ಬೇಸಿಗೆಯೆಂದು ತಿಳಿದು ಎಲೆಯನ್ನಷ್ಟೇ ಬಿಡುತ್ತ ಹೋಗುತ್ತದೆ. ಇದು ತೆವಳುವ ಮಕ್ಕಳಿಗೂ ಗೊತ್ತು. ಇಂದ್ರವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

"ದೇವರ ದೀಪ ಲೆಕ್ಕಕ್ಕಿಲ್ಲ ಅಂತ ಅಂದ್ಕೊಂಡಿದ್ದೆ," ಎಂದಳು ಮೆಲ್ಲಗೆ. ಆಮೇಲೆ, "ಮಾವಗ ಗೊತ್ತಿತ್ತೇನ?" ಎಂದಳು.

ಊರಿಗೆಲ್ಲ ಗೊತ್ತಿತ್ತು. ಆದರೆ ಅಕ್ಕನ ಹೆಸರಿನ ದೀಪವನ್ನು ಆರಿಸೆಂದು ಹೇಳುವ ಬಾಯಿ ಯಾರಿಗಿತ್ತು. ನಾನು ಚಾಕುವನ್ನು ಬೂದಿಯಲ್ಲಿ ತಿಕ್ಕಿ ಒರೆಸಿದೆ. ಗಿಡದ ಬುಡದಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವೇ ಕೊಯ್ಯುತ್ತ ಹೋದೆ. ಕೊಯ್ದಲ್ಲೆಲ್ಲ ನಡುವೆ ಕಂದು ಚುಕ್ಕೆ ಕಾಣುತ್ತಿತ್ತು. ತುದಿಯ ಹತ್ತಿರ ಬಂದಾಗ ಒಂದು ಕಡೆ ಚೊಕ್ಕ ಹಸಿರು ಸಿಕ್ಕಿತು. ನನ್ನ ಕಿರುಬೆರಳಿಗಿಂತ ದೊಡ್ಡದಲ್ಲ ಆ ತುಂಡು, ನೆತ್ತಿಯ ಮೇಲೆ ಮೂರ್ನಾಲ್ಕು ಎಲೆ. ಒಂದು ತುಂಡು ಬದುಕಿದರೂ ಗಿಡ ಕೇಳಿದ ಮಾತು ಅದರಲ್ಲಿ ಉಳಿಯುತ್ತದೆ. ಅದನ್ನು ಮೊರದಲ್ಲಿ ಮಲಗಿಸಿ, ಬಿಸಿಲು ಬೀಳದ ಕಡೆ ಇಟ್ಟೆ.

"ಮಣ್ಣಿಗೆ ಹಚ್ಚೂದಿಲ್ಲೇನ?"

"ಗಾಯ ಒಣಗಲಿ. ಹಸಿ ಗಾಯ ಮಣ್ಣಿಗೆ ಕೊಟ್ರ ಮತ್ತ ಕೊಳೀತೈತಿ. ಅಲ್ಲಿ ತನಕ ಅದನ್ನ ಮುಟ್ಟಬ್ಯಾಡ, ನೋಡಬ್ಯಾಡ, ಅದರ ಹತ್ತರ ಅಳಬ್ಯಾಡ."

ಮರುದಿನ ಮಧ್ಯಾಹ್ನ ದುಂಡಪ್ಪ ಬಂದ. ಊರಿಗೆ ಬಂದವನು ಮೊದಲು ಗೂಡು ನೋಡಿರಬೇಕು, ತಲೆಯ ಮೇಲೆ ದಾರಿಯ ಧೂಳು ಹಾಗೇ ಇತ್ತು. ಇಂದ್ರವ್ವ ಅವನ ಹಿಂದೆಯೇ ಬಂದು ಹೊಸ್ತಿಲ ಆಚೆ ನಿಂತಳು.

"ಅಡಿವೆವ್ವಾ, ಗಿಡ ಎಲ್ಲೈತಿ?"

"ಮೊರದಾಗ ಮಲಗೈತಿ. ಸದ್ದು ಮಾಡಬ್ಯಾಡ."

ಆತ ಬಗ್ಗಿ ನೋಡಿದ. ಬೆಂಕಿ ಮುಂದೆ ನಿಂತು ನಿಂತು ಒರಟಾದ ಆ ಕೈಗಳು ಮುಟ್ಟಲೋ ಬೇಡವೋ ಎಂದು ಗಾಳಿಯಲ್ಲೇ ತಡೆದವು. "ಕೊಯ್ದೇನ?"

"ಕೊಯ್ದೆ. ಇಲ್ಲಂದ್ರ ನಿನಗ ಬರೇ ಕುಂಡ ಉಳೀತಿತ್ತು. ಪೂಜಿ ಮಾಡಾಕ ಅದೂ ಸಾಕಿತ್ತೇನೋ."

"ನೀರು ಹಾಕಿಲ್ಲ?"

"ಇಲ್ಲ."

"ಸಾಯತೈತಿ."

"ದುಂಡಪ್ಪಾ, ಅದು ತನ್ನ ನೀರು ತಾನ ಹೊತ್ಕೊಂಡು ಹುಟ್ಟಿದ ಗಿಡ. ಅದಕ್ಕ ಬೇಕಾದ್ದು ಬಿಸಲು, ಚಳಿ, ಕತ್ತಲಿ. ನೀ ಈ ಮೂರನ್ನ ಬಿಟ್ಟು ಉಳದದ್ದೆಲ್ಲಾ ಕೊಟ್ಟಿ."

ಆತ ಗೋಡೆಗೊರಗಿ ಕೂತ. ಬಾಗಿಲ ಕಡೆ ನೋಡದೆ ಹೇಳಿದ. "ಗೊತ್ತಿದ್ದ ಹಚ್ಚಿದ್ದೆ ದೀಪಾನ. ಹೂ ಬಿಟ್ರ ಮುಗೀತು. ನುಡದ ಮ್ಯಾಲ ಅಕ್ಕ ಎಲ್ಲಿರತಾಳ ಹೇಳು? ಈಗಾದ್ರ ಎಲಿಯಾಗ ಅದಾಳ."

"ಕೊಳತ ಎಲಿಯಾಗ," ಎಂದೆ. ಆಮೇಲೆ ಇಷ್ಟು ಬಿರುಸಾಗಿ ಹೇಳಬಾರದಿತ್ತು ಅನಿಸಿತು. ಒಂದು ಬಟ್ಟಲು ಅಂಬಲಿ ತಂದು ಆತನ ಮುಂದಿಟ್ಟೆ. ಆತ ಕುಡಿಯಲಿಲ್ಲ. ಇಂದ್ರವ್ವ ಹೊಸ್ತಿಲ ಆಚೆ ಕಾಲಿನ ಹೆಬ್ಬೆರಳಿಂದ ನೆಲ ಕೆರೆಯುತ್ತ ನಿಂತೇ ಇದ್ದಳು. ಬೈಯುವಷ್ಟು ಸಿಟ್ಟು ಇತ್ತು, ಆದರೆ ಹೆತ್ತವರಿಗಿಂತ ಹೆಚ್ಚಾಗಿ ಸಾಕಿದವನ ಮುಂದೆ ಸಿಟ್ಟನ್ನು ಎಲ್ಲಿಂದ ಎತ್ತುವುದೆಂದು ಆ ಹುಡುಗಿಗೆ ತಿಳಿದಿರಲಿಲ್ಲ.

ಕೊನೆಗೆ ಆತನೇ ಒಪ್ಪಿದ. ಗಿಡ ನನ್ನ ಮನೆಯಲ್ಲೇ ಇರಲಿ, ನನ್ನ ಕಟ್ಟೆಯ ಮೇಲೆ ಬೆಳಗಿನ ಬಿಸಿಲಿದೆ, ರಾತ್ರಿ ಕತ್ತಲೆಯಿದೆ. ಆದರೆ ಎದ್ದು ನಿಂತು ಒಂದು ಮಾತು ಹೇಳಿದ. "ಮೊಗ್ಗು ಬಂದ್ರ ನಾ ಕೇಳಾಂವ. ಒಂದಿರಲಿ ಹತ್ತಿರಲಿ, ಎಲ್ಲಾ ನಾನ ಕೇಳಾಂವ. ಕೇಳಿದ್ದು ಕೇಳಿದಂಗ ಇಂದ್ರವ್ವಗ ಹೇಳ್ತೀನಿ."

"ಹೇಳಿದ ಮಾತು ಬ್ಯಾರೆ, ಕೇಳಿದ ದನಿ ಬ್ಯಾರೆ."

"ಮನಿ ಹಿರಿಯ ನಾ ಅಲ್ಲೇನ?"

ಹೌದಲ್ಲ, ಹಿರಿಯ ಅವನೇ. ಪದ್ಧತಿ ಅವನ ಕಡೆಗಿತ್ತು. ನಾನು ಬಾಗಿಲ ಕಡೆ ನೋಡಿದೆ. ಇಂದ್ರವ್ವ ತಲೆ ಎತ್ತದೆ, "ಆತು ಮಾವ," ಎಂದಳು.

ಗಾಯ ಒಣಗಿ ಮೇಲೆ ಬಿಳಿ ಪೊರೆ ಕಟ್ಟಿದ ಮೇಲೆ ಅದನ್ನು ನೆಟ್ಟೆವು. ಭಟ್ಟಿಯ ಹಳೆಯ ಮರಳನ್ನು ದುಂಡಪ್ಪನೇ ಹೊತ್ತು ತಂದ. ವರ್ಷವಿಡೀ ಕಡಾಯಿಯಲ್ಲಿ ಕಾದು ಕಾದು ಅದರಲ್ಲಿ ಒಂದು ಹುಳವೂ ಒಂದು ಬೇರಿನ ಎಳೆಯೂ ಉಳಿದಿರಲಿಲ್ಲ. ಅದಕ್ಕೆ ಇಟ್ಟಿಗೆಯ ಚೂರು, ಸ್ವಲ್ಪ ಹೊಲದ ಮಣ್ಣು ಬೆರೆಸಿ ಹಳೆಯ ಕುಂಡಕ್ಕೆ ತುಂಬಿದೆ. ತುಂಡನ್ನು ಊರಿದಾಗ ಇಬ್ಬರೂ ಉಸಿರು ಹಿಡಿದು ನೋಡುತ್ತಿದ್ದರು. ನೆಟ್ಟ ಮೇಲೆ ಇಬ್ಬರಿಗೂ ನಾನು ಕೊಟ್ಟ ಕೆಲಸ ಒಂದೇ, ಏನೂ ಮಾಡದೆ ಇರುವುದು.

ಅದಕ್ಕಿಂತ ಕಷ್ಟದ ಸೇವೆ ಇಲ್ಲವೆಂದು ಆ ಚಳಿಗಾಲ ನನಗೆ ಗೊತ್ತಾಯಿತು. ದುಂಡಪ್ಪ ಬೆಳಿಗ್ಗೆ ಭಟ್ಟಿ ಹಚ್ಚುವ ಮುಂಚೆ ಬರುತ್ತಿದ್ದ. ಗುಡಿಯ ಮುಂದೆ ನಿಂತವನ ಹಾಗೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದ. ಕೈ ಮುಂದೆ ಬಂದರೆ ಎಲ್ಲಿ ತಂಬಿಗೆ ಹಿಡಿಯುತ್ತವೋ ಎಂಬ ಭಯ. ಸಂಜೆಗೆ ಇಂದ್ರವ್ವ ತನ್ನ ಮದುವೆಯ ಕೌದಿಯ ತುಂಡುಗಳನ್ನು ಹಿಡಿದುಕೊಂಡು ಬರುತ್ತಿದ್ದಳು. ಅವಳು ಒಂದು ಮೂಲೆಯಿಂದ, ನಾನು ಒಂದು ಮೂಲೆಯಿಂದ. ಆದರೆ ಅವಳ ಕಣ್ಣು ಸೂಜಿಯ ಮೇಲಿರುತ್ತಿರಲಿಲ್ಲ, ಎಷ್ಟೋ ಸಲ ಬೆರಳು ಚುಚ್ಚಿಕೊಂಡಳು.

"ಎಲಿ ಸುಕ್ಕಗಟ್ಟ್ಯಾವ," ಎಂದ ಒಂದು ಬೆಳಿಗ್ಗೆ ದುಂಡಪ್ಪ.

ಹಿಸುಕಿ ನೋಡಿದೆ. ಎಲೆ ಬಳುಕಿತು, ತೆಳ್ಳಗಾಗಿತ್ತು. "ಈಗ ಖರೇನ ನೀರಡಸೈತಿ. ಇವತ್ತು ನೀನ ಹಾಕು. ಒಂದ ಒಂದು ಸವಟು."

ಆತ ಸವಟು ಹಿಡಿದು ಕುಂಡದ ಅಂಚಿನಗುಂಟ ಸುತ್ತ ಸುತ್ತ ಹನಿಸಿದ. ಅಷ್ಟು ನಿಧಾನವಾಗಿ ಯಾವ ಅಯ್ಯನವರೂ ಲಿಂಗದ ಮೇಲೆ ಹಾಲೆರೆದದ್ದನ್ನು ನಾನು ಕಂಡಿಲ್ಲ. ಮರುದಿನ ಎಲೆಗಳು ಮತ್ತೆ ತುಂಬಿಕೊಂಡಿದ್ದವು. ಆತ ನನ್ನ ಕಡೆ ನೋಡಿ ಮೊದಲ ಸಲ ನಕ್ಕ. "ಕುಡದೈತಿ."

"ಕೇಳಿದಾಗ ಕೊಟ್ರ ಕುಡಿತೈತಿ," ಎಂದೆ.

ಪುಷ್ಯ ಕಳೆಯುವ ಹೊತ್ತಿಗೆ ಅದು ಬೇರು ಹಿಡಿದಿತ್ತು, ಮೆಲ್ಲಗೆ ಎಳೆದರೆ ಬಿಗಿಯಾಗಿ ನಿಲ್ಲುತ್ತಿತ್ತು. ಮಾಘದ ಚಳಿಯಲ್ಲಿ ಎಲೆಯ ಅಂಚು ಕೆಂಪಾಯಿತು. ಒಂದು ದಿನ ನೆತ್ತಿಯ ನಡುವೆ ಒಂದು ಕಡ್ಡಿ, ಕಡ್ಡಿಯ ತುದಿಗೆ ಎರಡು ಮೊಗ್ಗು ಕಂಡವು. ಸಾಸಿವೆ ಕಾಳಿನಷ್ಟು. ಬೇರೆಯವರ ಕಟ್ಟೆಗಳ ಮೇಲೆ ಗೊಂಚಲು ಗೊಂಚಲೇ ತೂಗುತ್ತಿತ್ತು, ಊರೆಲ್ಲ ಮಾತು ಮುಟ್ಟಿಸಲು ಓಡಾಡುತ್ತಿತ್ತು. ನಮಗೆ ಎರಡೇ. ಸಾಯಲಿದ್ದ ಗಿಡ ಇನ್ನೆಷ್ಟು ಕೊಟ್ಟೀತು. ನಾನು ಗುಡ್ಡದಯ್ಯನಿಗೆ ಒಂದು ಕಾಯಿ ಒಡೆಸಿ ಬಂದೆ. ಎರಡರಲ್ಲಿ ಒಂದಾದರೂ ಆ ಹುಡುಗಿಗೆ ಸಿಗುವಂತೆ ಮಾಡಪ್ಪ ಎಂದು ಬೇಡಿಕೊಂಡೆ. ಹೇಗೆ ಎಂದು ನನಗೆ ತೋಚಿರಲಿಲ್ಲ, ಅದನ್ನು ಅವನಿಗೇ ಬಿಟ್ಟೆ.

ಮೊದಲ ಮೊಗ್ಗು ಬಿರಿಯುವ ದಿನ ದುಂಡಪ್ಪ ಮಿಂದು, ವಿಭೂತಿ ಹಚ್ಚಿಕೊಂಡು, ಮಡಿಸಿಟ್ಟಿದ್ದ ಧೋತರ ಉಟ್ಟು ಬಂದ. ಇಂದ್ರವ್ವ ನನ್ನ ಹಿಂದೆ ನಿಂತು ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಿದ್ದಳು. ಬಿಸಿಲು ಕಟ್ಟೆ ಹತ್ತಿತು. ಕಿತ್ತಳೆ ಬಣ್ಣ ಕಂಡಿತು, ಎಸಳು ಸಡಿಲವಾಯಿತು. ಆತ ಮೊಣಕಾಲೂರಿ ಬಗ್ಗಿ ಕಿವಿ ಹಚ್ಚಿದ.

ಎಷ್ಟೋ ವರ್ಷದ ನಂತರ ಅಕ್ಕನನ್ನು ಕೇಳುವವನ ಮುಖ ಹೇಗಿರುತ್ತದೆಂದು ನಾನು ಮನಸ್ಸಿನಲ್ಲೇ ಊಹಿಸಿಕೊಂಡಿದ್ದೆ. ಅದು ಹಾಗಾಗಲಿಲ್ಲ. ಮೊದಲು ಹುಬ್ಬು ಗಂಟಿಕ್ಕಿತು. ಆಮೇಲೆ ಬಾಯಿ ಸ್ವಲ್ಪ ತೆರೆಯಿತು, ತೆರೆದ ಹಾಗೇ ಉಳಿಯಿತು. ಹೂವು ಬಾಡಿ ತಲೆ ಬಗ್ಗಿಸಿದ ಮೇಲೂ ಆತ ಏಳಲಿಲ್ಲ.

"ಏನಂದ್ಲು ಮಾವ?"

ಆತ ಎದ್ದು ಒಳಗೆ ಹೋಗಿ ಕೊಡದಿಂದ ನೀರು ಬಗ್ಗಿಸಿ ಕುಡಿದು ಬಂದ. "ಅಕ್ಕ ಅಲ್ಲ," ಎಂದ. "ನೀನು."

"ನಾನೇನಂದೆ?"

"'ಅವ್ವಾ, ಒಂದು ಸಲರೆ ಮಾತಾಡು. ನಾ ಹೊಳಿ ದಾಟಿದ ಮ್ಯಾಲ ಮಾತಾಡಿದ್ರ ಯಾರು ಕೇಳ್ಯಾರು' ಅಂದಿ."

ಇಂದ್ರವ್ವನ ಮುಖ ಸುಟ್ಟವರ ಹಾಗೆ ಕೆಂಪಾಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಂಜೆ ನೀರು ಹಾಕುವಾಗ ಆ ಮಾತಿಲ್ಲದ ಕೋಣೆಯಲ್ಲಿ ಅವಳು ಪಿಸುಗುಟ್ಟಿದ್ದನ್ನು ಗಿಡ ಕೇಳಿಸಿಕೊಂಡಿತ್ತು. ಎರಡರಲ್ಲಿ ಒಂದು ಮೊಗ್ಗನ್ನು ತಾನೇ ತಿಂದುಬಿಟ್ಟೆ ಎಂದು ಅವಳಿಗೆ ಅನಿಸಿರಬೇಕು. "ನಾ ಸುಮ್ಮನಿರಬೇಕಾಗಿತ್ತು," ಎಂದು ಕೂತುಬಿಟ್ಟಳು.

ನಾನು ಹೇಳಬೇಕಾದ್ದನ್ನು ಹೇಳಿದೆ. "ದುಂಡಪ್ಪಾ, ಅದು ಹೊಳೆವ್ವಗ ಆಡಿದ ಮಾತು. ಆಕಿ ಇಲ್ಲ. ಆಕಿ ಒಡಹುಟ್ಟಿದಾಂವ ನೀನ. ಆ ಮಾತು ನಿನಗ ಬಂತು."

"ಗೊತ್ತೈತಿ," ಎಂದ. ಕಟ್ಟೆಯ ತುದಿಗೆ ಕೂತ. ಎದುರಿನ ಮನೆಯ ಮುದುಕಿ ಯಾರದೋ ಮಾತು ಹೊತ್ತು ಕೋಲೂರಿಕೊಂಡು ಹೊರಟಿದ್ದಳು. ಅವಳು ಓಣಿ ತಿರುಗುವ ತನಕ ನೋಡುತ್ತಿದ್ದು ಹೇಳಿದ. "ಅಕ್ಕ ನನ್ನ ಕಿವಿ ತುಂಬ ಅದಾಳ ಅಡಿವೆವ್ವಾ. ಬೈದದ್ದು, ಕರದದ್ದು, ನಕ್ಕದ್ದು, ಎಲ್ಲಾ. ಈಕಿ ಹತ್ತರ ಒಂದೂ ಇಲ್ಲ. ನನ್ನ ಮನ್ಯಾಗ ಇದ್ದು, ನನಗ ಕೇಳದ, ಗಿಡಕ್ಕ ಹೋಗಿ ಬೇಡಿಕೊಂಡಾಳ ಹುಡಿಗಿ. ನಾ ದೀಪದ ಎಣ್ಣಿ ನೋಡಕೋತ ಕುಂತೆ."

ಆತ ಕುಂಡದ ಕಡೆ ಕೈ ಮಾಡಿದ.

"ಉಳದ ಮೊಗ್ಗು ಈಕಿ ಕೇಳಲಿ."

"ಮಾವ, ಬ್ಯಾಡ. ಅದರಾಗೂ ನನ್ನ ದನೀನ ಇದ್ರ?"

"ಇದ್ರ ಇರಲಿ. ಅಕ್ಕಂದಿದ್ರ ನಿನಗ ಸಿಗಲಿ." ಎದ್ದು ಧೋತರ ಕೊಡವಿಕೊಂಡ. "ಅರಳೂ ದಿನ ನಾ ಈ ಕಡೆ ಬರೂದಿಲ್ಲ. ಇಲ್ಲಿದ್ರ ಬಗ್ಗಿಬಿಡತೀನಿ."

ಎರಡನೆಯದು ಬಿರಿಯಲು ತಡ ಮಾಡಿತು. ಬೆಳಿಗ್ಗೆ ಬೆಳಿಗ್ಗೆ ಇಂದ್ರವ್ವ ಬಂದು ಕೂರುತ್ತಿದ್ದಳು, ಬಿಸಿಲೇರಿದ ಮೇಲೆ ಏಳುತ್ತಿದ್ದಳು. ಇನ್ನು ಅದು ಉದುರಿಯೇ ಹೋಗುತ್ತದೇನೋ ಎಂದು ನಾನೂ ಒಳಗೊಳಗೆ ಅಂಜಿದ್ದೆ. ಒಂದು ಸೋಮವಾರ, ಗುಡಿಯ ಗಂಟೆ ಬಾರಿಸುವ ಹೊತ್ತಿಗೆ, ಎಸಳು ಬಿಚ್ಚಿತು. ಓಣಿಯ ಕೊನೆಯಿಂದ ಭಟ್ಟಿಯ ಸದ್ದು ಕೇಳುತ್ತಿತ್ತು. ಅಂದು ಅದು ಎಂದಿಗಿಂತ ಜೋರಾಗಿತ್ತು. ಇಂದ್ರವ್ವ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ ಬಗ್ಗಿದಳು.

ನಾನು ಸೂಜಿ ಕೆಳಗಿಟ್ಟೆ. ಅವಳ ಕಣ್ಣು ಮುಚ್ಚಿದ್ದವು. ಹಣೆಯ ಮೇಲಿನ ಗೆರೆಗಳು ಒಂದೊಂದಾಗಿ ಸಡಿಲವಾದವು. ಹೂವು ತನ್ನ ಮಾತು ಮುಗಿಸಿ ಕಡ್ಡಿಯ ಮೇಲೆ ಸೊರಗಿತು, ಅವಳು ಮಾತ್ರ ಕಿವಿಯನ್ನು ಅಲ್ಲೇ ಇಟ್ಟುಕೊಂಡಿದ್ದಳು. ತಲೆ ಎತ್ತಿದಾಗ ಕಣ್ಣೀರು ಮೂಗಿನ ತುದಿಗೆ ಬಂದಿತ್ತು, ತುಟಿ ನಗುತ್ತಿತ್ತು.

"ಒಡಕು ಐತಿ ದೊಡ್ಡವ್ವಾ. ನೀ ಹೇಳಿದಂಗ ಬೆಲ್ಲದ್ದಲ್ಲ. ನಗು ತಡಕೊಂಡು ಮಾತಾಡಿದ್ರ ಒಡೀತೈತಲ್ಲ, ಹಂಗ."

ಹೌದು, ಅದು ಹಾಗೇ ಇತ್ತು. ಇಷ್ಟು ವರ್ಷ ನಾನು ಅದನ್ನು ತಪ್ಪಾಗಿ ನೆನಪಿಟ್ಟುಕೊಂಡಿದ್ದೆ. ಏನಂದಳೆಂದು ನಾನು ಕೇಳಲಿಲ್ಲ, ಕೇಳಬಾರದು. ಅವಳು ಮುಖ ಒರೆಸಿಕೊಂಡು ಎದ್ದಳು. "ಮಾತು ನಂದಲ್ಲ. ಮಾವಂದು. ನನ್ನ ಜೋಡಿ ಬರತೀಯೇನ?"

ಭಟ್ಟಿಯೊಳಗೆ ಹೊಗೆಯೂ ಬಿಸಿಯೂ ತುಂಬಿತ್ತು. ದೊಡ್ಡ ಕಡಾಯಿಯ ಕಾದ ಮರಳಿನಲ್ಲಿ ಅಕ್ಕಿ ಬಿದ್ದ ಕೂಡಲೇ ಬೆಳ್ಳಗೆ ಅರಳಿ ಮೇಲೇಳುತ್ತಿತ್ತು. ದುಂಡಪ್ಪ ಬೆನ್ನು ಮಾಡಿ ನಿಂತು ಉದ್ದ ಹಿಡಿಯ ಸವಟಿನಿಂದ ಒಂದೇ ಸಮನೆ ತಿರುವುತ್ತಿದ್ದ. ನಮ್ಮ ಹೆಜ್ಜೆ ಕೇಳಿಯೂ ತಿರುಗಲಿಲ್ಲ.

"ಅಕ್ಕಂದ ಇತ್ತೇನ?" ಎಂದ, ಕಡಾಯಿಗೆ ಹೇಳುವವನ ಹಾಗೆ.

"ಹೂಂ."

"ಸಾಕು. ಏನೂ ಹೇಳಬ್ಯಾಡ. ಅದನ್ನ ನೀನ ಇಟ್ಕೋ, ಹೊಳಿಯಾಚೆ ಒಯ್ಯಿ. ಯಾರಿಗಂದಿದ್ರೂ ಇರಲಿ."

"ದನಿ ನಾ ಇಟ್ಕೊಂಡೀನಿ ಮಾವ. ಮಾತು ಇಟ್ಕೊಳ್ಳಾಕ ಬರೂದಿಲ್ಲ."

ಅವಳು ಕಾದಳು. ಆತ ಕಡಾಯಿಯಲ್ಲಿದ್ದುದನ್ನು ಜಾಲರಿಗೆ ಸುರಿದು, ಮರಳು ಸೋಸಿ, ಚುರಮುರಿಯನ್ನು ರಾಶಿಗೆ ಎಸೆದ. ಮತ್ತೆ ಅಕ್ಕಿ ಹಾಕಲು ಕೈ ಚಾಚಿದವನು ಹಾಕದೆ ನಿಂತ. ಬೆಂಕಿ ತಗ್ಗಿತು, ಬಾಗಿಲಲ್ಲಿದ್ದ ನನಗೂ ಪಿಸುಮಾತು ಕೇಳುವಷ್ಟು ಸದ್ದಡಗಿತು. ಇಂದ್ರವ್ವ ಹತ್ತಿರ ಹೋಗಿ, ಕಾಲ ಬೆರಳ ಮೇಲೆ ನಿಂತು, ಆತನ ಕಿವಿಯ ಬಳಿ ಬಾಯಿ ತಂದು, ಕೇಳಿದ್ದನ್ನು ಕೇಳಿದ ಹಾಗೆಯೇ, ನಗು ತಡೆದುಕೊಂಡವರ ಒಡಕು ದನಿಯಲ್ಲಿ, ಒಂದಕ್ಷರವನ್ನೂ ತಾನಿಟ್ಟುಕೊಳ್ಳದೆ ಆತನಿಗೆ ಕೊಟ್ಟಳು.

"ದುಂಡ್ಯಾ, ತಲಿ ಕೆಳಗ ಕೈ ಕೊಡಲೋ. ಹಂಗಲ್ಲ, ಹಿಂಗ. ಹಾಂ. ಈಗ ನೋಡು, ಕೂಸು ನಿನ್ನ ಕಡೇನ ನೋಡಾಕತ್ತೈತಿ."

ದುಂಡಪ್ಪ ಸವಟನ್ನು ಕೆಳಗಿಟ್ಟ. ಮರಳು ಮೆತ್ತಿದ ಬಲಗೈಯನ್ನು ಧೋತರಕ್ಕೆ ಒರೆಸಿಕೊಂಡ. ಆ ಕೈ ತಾನಾಗಿ ಬೊಗಸೆಯಾಗಿ ಮೇಲೆ ಬಂತು, ಅವಳ ತಲೆಯ ಹಿಂದೆ ಹೋಗಿ ನಿಂತಿತು. ಅವಳು ತಲೆಯ ಭಾರವನ್ನೆಲ್ಲ ಅದರೊಳಗೆ ಬಿಟ್ಟು, ಆತನ ಕಡೆ ನೋಡಿದಳು.